ವಿಕಾಸದ ಪಾಠಕ್ಕೆ ಮಂಗ ಬೇಕಿಲ್ಲ, ನೊಣದ ರೆಕ್ಕೆ ಸಾಕು

2018ರ ಜನವರಿಯಲ್ಲಿ ಕೇಂದ್ರದ ರಾಜ್ಯ ಸಚಿವರೊಬ್ಬರು ಡಾರ್ವಿನ್ನನ ಸಿದ್ಧಾಂತ ವೈಜ್ಞಾನಿಕವಾಗಿ ತಪ್ಪು ಎಂದು ಸಾರಿದರು. ಮಂಗ ಮನುಷ್ಯನಾದದ್ದನ್ನು ಕಂಡೆವೆಂದು ನಮ್ಮ ಹಿರಿಯರು ಯಾರೂ ಹೇಳಿಲ್ಲ, ಬರೆದೂ ಇಟ್ಟಿಲ್ಲ ಎಂಬುದು ಅವರ ವಾದ. ವಿಜ್ಞಾನಿಗಳು ಸಿಟ್ಟಾದರು, ಜನ ಗೇಲಿ ಮಾಡಿದರು, ಮಾತು ಅಲ್ಲಿಗೆ ತಣ್ಣಗಾಯಿತು. 2023ರ ಹೊತ್ತಿಗೆ ಎನ್‌ಸಿಇಆರ್‌ಟಿಯ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಅನುವಂಶೀಯತೆ ಉಳಿದು, ಅದರ ಜೊತೆಗಿದ್ದ ಜೀವವಿಕಾಸ ಹೊರಬಿದ್ದಿತ್ತು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ಪಾಠವನ್ನು ಮರಳಿಸಿ ಎಂದು ಬಹಿರಂಗ ಪತ್ರ ಬರೆದರು. ಆ ಒತ್ತಾಯ ನನ್ನದೂ ಹೌದು.

ಆದರೆ ಸಚಿವರ ಪ್ರಶ್ನೆಯನ್ನು ನಾನು ಗೇಲಿ ಮಾಡಲಾರೆ. ‘ಕಂಡವರು ಯಾರು?’ ಎಂದು ಹುಡುಗನೊಬ್ಬ ತರಗತಿಯಲ್ಲಿ ಎದ್ದು ಕೇಳಿದರೆ ಮೇಷ್ಟರಾದವರು ಖುಷಿಪಡಬೇಕು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎನ್ನುವ ಗಾದೆಯ ನಾಡಿನವರು ನಾವು. ನನ್ನ ದೂರು ಏನೆಂದರೆ, ಆ ಪ್ರಶ್ನೆಗೆ ನೇರ ಉತ್ತರವಿದ್ದರೂ ಅದನ್ನು ಮಕ್ಕಳಿಗೆ ನಾವು ಯಾವತ್ತೂ ಹೇಳಿಕೊಡಲಿಲ್ಲ. ವಿಕಾಸವನ್ನು ಕಂಡವರಿದ್ದಾರೆ, ಅಳೆದು ಬರೆದಿಟ್ಟವರಿದ್ದಾರೆ. ಅವರು ಅಳೆದದ್ದು ನೊಣದ ರೆಕ್ಕೆಯನ್ನು.

ನಾನು ಹಾಸನದ ಕಡೆಯ ಒಂದು ಸರ್ಕಾರಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಹೇಳಿ ನಿವೃತ್ತಳಾದವಳು. ವಿಕಾಸ ಎಂದರೆ ನಮ್ಮ ಪುಸ್ತಕಗಳಲ್ಲಿ ಜಿರಾಫೆಯ ಕತ್ತು, ಬಾಗಿದ ಮಂಗ ನೆಟ್ಟಗಾಗುತ್ತ ಹೋಗುವ ಚಿತ್ರ, ಎರಡು ಅಂಕದ ಪ್ರಶ್ನೆ. ಹುಡುಗರು ಬಾಯಿಪಾಠ ಮಾಡಿ ಬರೆಯುತ್ತಿದ್ದರು. ನಂಬಿದವರು ನಂಬಿದರು, ಬಿಟ್ಟವರು ಬಿಟ್ಟರು. ಆಫ್ರಿಕಾದ ಜಿರಾಫೆಯ ಕತ್ತನ್ನು ಅಳೆಯಲು ಯಾರು ಹೋಗುತ್ತಾರೆ? ಅದೇ ಪ್ರಯೋಗಶಾಲೆಯ ಕಪಾಟಿನಲ್ಲಿ ಹತ್ತಿ ಬಿರಡೆ ಹಾಕಿದ ಬಾಟಲಿಗಳಲ್ಲಿ ಡ್ರೊಸೊಫಿಲಾ ಇರುತ್ತಿತ್ತು. ಕಳಿತ ಬಾಳೆಹಣ್ಣಿಗೆ ಮುತ್ತುವ ಗುಂಗುರು ಎಂದರೆ ಎಲ್ಲರಿಗೂ ಗೊತ್ತು. ಅದರ ಊಟಕ್ಕೆ ಮೈಸೂರು ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರ ವಿಭಾಗದವರ ಪಾಕವಿಧಾನ ನಮ್ಮ ಕಡೆಯ ಕಾಲೇಜುಗಳಲ್ಲಿ ರೂಢಿ: ಒಂದು ಲೀಟರ್ ನೀರಿಗೆ 100 ಗ್ರಾಂ ಬೆಲ್ಲ, 100 ಗ್ರಾಂ ರವೆ, 10 ಗ್ರಾಂ ಅಗರ್, ಬೂಷ್ಟು ಹಿಡಿಯದಿರಲು ಒಂದಿಷ್ಟು ಪ್ರೊಪಿಯಾನಿಕ್ ಆಮ್ಲ. ಇರುವೆ ಹತ್ತದಂತೆ ಬಾಟಲಿಗಳನ್ನು ನೀರಿನ ತಟ್ಟೆಯಲ್ಲಿ ಇಡಬೇಕು. 25 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಮೊಟ್ಟೆ ನೊಣವಾಗಲು ಹತ್ತು ದಿನದ ಆಸುಪಾಸು. ಇಷ್ಟು ಅಗ್ಗದ, ಇಷ್ಟು ಬೇಗ ತಲೆಮಾರು ದಾಟುವ ಪ್ರಾಣಿಯನ್ನು ಕೈಯಲ್ಲಿಟ್ಟುಕೊಂಡು, ಅನುವಂಶೀಯತೆಯ ಪಾಠದಲ್ಲಿ ಕೆಂಪುಕಣ್ಣು, ಬಿಳಿಗಣ್ಣು ಎಣಿಸುವುದಕ್ಕಷ್ಟೇ ಬಳಸುತ್ತಿದ್ದೆವು. ವಿಕಾಸದ ಪಾಠ ಬಂದಾಗ ಜಿರಾಫೆಯ ಚಿತ್ರ ತೆರೆಯುತ್ತಿದ್ದೆವು.

ಬಾಟಲಿಯಲ್ಲಿ ದೊಡ್ಡ ನೊಣ, ಸಣ್ಣ ನೊಣ ಎರಡೂ ಇರುತ್ತವೆ. ‘ಮೇಡಂ, ಇದು ಮರಿನೊಣ ಅಲ್ವಾ?’ ಎಂದು ಕೇಳದ ತಂಡವೇ ಇರಲಿಲ್ಲ. ಅಲ್ಲ. ರೆಕ್ಕೆ ಬಂದ ಮೇಲೆ ನೊಣ ಬೆಳೆಯುವುದಿಲ್ಲ. ಬೆಳೆಯುವುದೆಲ್ಲ ಹುಳುವಾಗಿದ್ದಾಗ. ಆಗ ಹೊಟ್ಟೆ ತುಂಬ ತಿಂದದ್ದು ದೊಡ್ಡ ನೊಣವಾಗುತ್ತದೆ. ಗುಂಪಿನಲ್ಲಿ ಸಿಕ್ಕಿ ಅರೆಹೊಟ್ಟೆಯಲ್ಲಿ ಉಳಿದದ್ದು ಸಣ್ಣದಾಗುತ್ತದೆ, ಹಾಗೆಯೇ ಬಾಳಿ ಸಾಯುತ್ತದೆ. ರೆಕ್ಕೆಯೂ ಹುಳುವಿನ ಮೈಯೊಳಗೆ ಒಂದು ಪುಟ್ಟ ತಟ್ಟೆಯಂತೆ ಶುರುವಾಗುತ್ತದೆ: ಹತ್ತಾರು ಜೀವಕೋಶಗಳು ವಿಭಜಿಸುತ್ತ ಹತ್ತಾರು ಸಾವಿರವಾಗುತ್ತವೆ. ಆಮೇಲೆ ಕೋಶಾವಸ್ಥೆಯಲ್ಲಿ (ಪ್ಯೂಪಾ) ರೆಕ್ಕೆಯ ಬುಡ ಕುಗ್ಗುತ್ತದೆ; ಅಂಚು ಮಾತ್ರ ಸುತ್ತಲಿನ ಹೊದಿಕೆಗೆ ಅಂಟಿಕೊಂಡೇ ಇರುತ್ತದೆ. ಈ ಎಳೆದಾಟದಲ್ಲಿ ನಡುವಿನ ಹಾಳೆ ಉದ್ದಕ್ಕೆ ಹಿಗ್ಗುತ್ತದೆ. ಜರ್ಮನಿಯ ಡ್ರೆಸ್ಡನ್‌ನ ಸಂಶೋಧಕರು ಇದನ್ನು ಸೂಕ್ಷ್ಮದರ್ಶಕದಡಿ ಚಿತ್ರೀಕರಿಸಿ 2015ರಲ್ಲಿ ತೋರಿಸಿದರು. ಅಂದರೆ ರೆಕ್ಕೆ ಎಷ್ಟು ದೊಡ್ಡದು ಎಂಬುದನ್ನು ಬಹುಮಟ್ಟಿಗೆ ಹುಳುವಿನ ಊಟ ತೀರ್ಮಾನಿಸಿದರೆ, ಯಾವ ಆಕಾರದ್ದು ಎಂಬುದರಲ್ಲಿ ಈ ಎಳೆದಾಟದ ಪಾಲು ದೊಡ್ಡದು. ಎರಡೂ ಒಂದೇ ಅಂಗಾಂಶದ ಮೇಲೆ ನಡೆಯುವ ಕೆಲಸವಾದ್ದರಿಂದ ಒಂದನ್ನು ಕದಲಿಸಿದರೆ ಇನ್ನೊಂದು ಸುಮ್ಮನಿರುವುದು ಕಷ್ಟ.

ಸುಮ್ಮನಿರಲು ಭೌತಶಾಸ್ತ್ರವೂ ಬಿಡುವುದಿಲ್ಲ. ಒಂದು ನೊಣವನ್ನು ಎಲ್ಲ ಕಡೆಯಿಂದ ಅರ್ಧಕ್ಕೆ ಕುಗ್ಗಿಸಿದೆವು ಅನ್ನಿ. ಉದ್ದ ಅರ್ಧವಾದರೆ ತೂಕ ಎಂಟರಲ್ಲಿ ಒಂದು ಪಾಲಾಗುತ್ತದೆ. ರೆಕ್ಕೆ ಮೇಲೆತ್ತುವ ಬಲವೋ? ರೆಕ್ಕೆಯ ವಿಸ್ತೀರ್ಣ ನಾಲ್ಕರಲ್ಲಿ ಒಂದಾಯಿತು. ಬಡಿತದ ಲೆಕ್ಕ ಸೆಕೆಂಡಿಗೆ ಅಷ್ಟೇ ಇದ್ದರೂ ಗಿಡ್ಡ ರೆಕ್ಕೆಯ ತುದಿ ಕ್ರಮಿಸುವ ದೂರ ಅರ್ಧವಾದ್ದರಿಂದ ವೇಗವೂ ಅರ್ಧ. ಬಲ ವೇಗದ ವರ್ಗವನ್ನು ಅನುಸರಿಸುವುದರಿಂದ ಅಲ್ಲಿ ಇನ್ನೊಂದು ನಾಲ್ಕರಲ್ಲಿ ಒಂದು. ಒಟ್ಟು ಹದಿನಾರರಲ್ಲಿ ಒಂದು. ಹೊರಬೇಕಾದ ಭಾರ ಎಂಟರಲ್ಲಿ ಒಂದು, ಹೊರುವ ಬಲ ಹದಿನಾರರಲ್ಲಿ ಒಂದು: ಈ ನೊಣ ನೆಲ ಬಿಟ್ಟು ಏಳಲಾರದು. ಅಮ್ಮನ ರವಿಕೆಯ ಅಳತೆಯನ್ನೆಲ್ಲ ಅರ್ಧ ಮಾಡಿ ಮಗಳಿಗೆ ಹೊಲಿದರೆ ತೋಳು ಕೂರದು, ಕತ್ತು ಕೂರದು ಎಂದು ಯಾವ ದರ್ಜಿಗಾದರೂ ಗೊತ್ತು. ಸಣ್ಣ ನೊಣ ಹಾರಬೇಕಾದರೆ ಒಂದೋ ರೆಕ್ಕೆಯನ್ನು ಸುಮಾರು 1.4 ಪಟ್ಟು ಬೇಗ ಬಡಿಯಬೇಕು, ಇಲ್ಲವೇ ಮೈಗೆ ಹೋಲಿಸಿದರೆ ದೊಡ್ಡ ರೆಕ್ಕೆ ಬೇಕು, ಅಥವಾ ವೇಗ ಹೆಚ್ಚಿರುವ ತುದಿಯ ಕಡೆಗೆ ರೆಕ್ಕೆ ಅಗಲವಾಗಬೇಕು. ಗಾತ್ರದ ಪ್ರಶ್ನೆ ಆಕಾರದ ಪ್ರಶ್ನೆಯಾಗುವುದು ಇಲ್ಲಿ.

ಹೂವಿನೆದುರು ಗಾಳಿಯಲ್ಲೇ ನಿಂತುಬಿಡುವ, ಜೇನಿನ ವೇಷದ ಹೋವರ್‌ಫ್ಲೈ ನೊಣಗಳಲ್ಲಿ ಇದನ್ನು ಯುರೋಪಿನ ಒಂದು ತಂಡ ಇತ್ತೀಚೆಗೆ ನೋಡಿದೆ. ಹಾರುವ ನೊಣಗಳನ್ನು ವೇಗದ ಕ್ಯಾಮೆರಾದಲ್ಲಿ ಹಿಡಿದರು, ವಸ್ತುಸಂಗ್ರಹಾಲಯಗಳಲ್ಲಿ ಸೂಜಿಗೆ ಚುಚ್ಚಿಟ್ಟ ನೊಣಗಳ ರೆಕ್ಕೆ ಅಳೆದರು. ಈ ಗುಂಪಿನಲ್ಲಿ ಕೆಲವೇ ಮಿಲಿಗ್ರಾಂ ತೂಗುವ ಪುಟಾಣಿಗಳೂ ಇವೆ, ಅದರ ಹತ್ತು ಪಟ್ಟಿಗೂ ಮೀರಿ ತೂಗುವ ದೊಡ್ಡವೂ ಇವೆ. ಸಣ್ಣವು ರೆಕ್ಕೆಯನ್ನು ಬೇರೆ ರೀತಿ ಬಡಿದು ಬದುಕುತ್ತವೆಯೇ ಎಂದು ನೋಡಿದರೆ ಬಡಿತದ ಶೈಲಿ ಬಹುಮಟ್ಟಿಗೆ ಒಂದೇ. ಬದಲಾಗಿದ್ದದ್ದು ರೆಕ್ಕೆ: ಸಣ್ಣ ಜಾತಿಗಳಿಗೆ ಮೈಯ ಲೆಕ್ಕಕ್ಕೆ ಮೀರಿದ ರೆಕ್ಕೆ. ಹದಿನಾರರಲ್ಲಿ ಒಂದರ ಸಾಲವನ್ನು ಅವು ತೀರಿಸಿದ್ದು ರೆಕ್ಕೆಯ ಗಾತ್ರ, ಆಕಾರಗಳಿಂದ.

ಇದು ಎಷ್ಟೋ ಕಾಲದ ಹಿಂದೆ ಆಗಿಹೋದ ಬದಲಾವಣೆ. ಆಗುತ್ತಿರುವಾಗಲೇ ಕಂಡದ್ದು ಯಾವುದು? ಸಚಿವರಿಗೆ ಹೇಳಬೇಕಿದ್ದ ಉತ್ತರ ಡ್ರೊಸೊಫಿಲಾ ಸಬ್‌ಅಬ್ಸ್‌ಕ್ಯೂರಾ ಎಂಬ ನೊಣದ್ದು. ಇದರ ತವರು ಯುರೋಪ್ ಮತ್ತು ಅದರ ಆಸುಪಾಸು. ಅಲ್ಲಿ ದಕ್ಷಿಣ ಸ್ಪೇನ್‌ನಿಂದ ಡೆನ್ಮಾರ್ಕ್‌ವರೆಗೆ ಬೇರೆ ಬೇರೆ ಊರಿನ ನೊಣ ಹಿಡಿದು ಅಳೆದರೆ, ಉತ್ತರಕ್ಕೆ, ಚಳಿಯ ಕಡೆಗೆ ಹೋದಂತೆ ರೆಕ್ಕೆ ಉದ್ದವಾಗುತ್ತ ಹೋಗುತ್ತದೆ. 1978ರಲ್ಲಿ ಈ ನೊಣ ಚಿಲಿ ದೇಶದ ಪ್ವೆರ್ಟೊ ಮಾಂಟ್‌ನಲ್ಲಿ ಕಾಣಿಸಿಕೊಂಡಿತು, 1982ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ. ಬಂದದ್ದು ಬೆರಳೆಣಿಕೆಯ ನೊಣಗಳು. ಕೆಲವೇ ವರ್ಷಗಳಲ್ಲಿ ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯುದ್ದಕ್ಕೂ ಕ್ಯಾಲಿಫೋರ್ನಿಯಾದಿಂದ ಕೆನಡಾದವರೆಗೆ ಹಬ್ಬಿಕೊಂಡವು. ಬಂದು ಹತ್ತು ವರ್ಷದ ಹೊತ್ತಿಗೆ ಸಂಶೋಧಕರು ಅಳೆದು ನೋಡಿದರು: ದಕ್ಷಿಣದ ನೊಣಕ್ಕೂ ಉತ್ತರದ ನೊಣಕ್ಕೂ ಹೇಳುವಂಥ ವ್ಯತ್ಯಾಸವಿಲ್ಲ. ಮತ್ತೆ ಹತ್ತು ವರ್ಷ ಬಿಟ್ಟು ರೇ ಹ್ಯೂಯಿ, ಜಾರ್ಜ್ ಗಿಲ್‌ಕ್ರಿಸ್ಟ್ ಮತ್ತು ಸಂಗಡಿಗರು ಅಳೆದರು. ಹೆಣ್ಣು ನೊಣಗಳ ರೆಕ್ಕೆ ಉತ್ತರಕ್ಕೆ ಹೋದಂತೆ ಉದ್ದವಾಗುತ್ತಿತ್ತು, ಹೆಚ್ಚುಕಡಿಮೆ ತವರಿನಲ್ಲಿದ್ದ ಪ್ರಮಾಣದಲ್ಲೇ. ಗಂಡು ನೊಣಗಳಲ್ಲಿ ಈ ಏರಿಕೆ ಮಂದವಾಗಿತ್ತು. 2000ದಲ್ಲಿ ‘ಸೈನ್ಸ್’ ಪತ್ರಿಕೆ ಇದನ್ನು ಪ್ರಕಟಿಸಿತು.

ಇಲ್ಲಿ ಜಾಣ ವಿದ್ಯಾರ್ಥಿ ತಕರಾರು ತೆಗೆಯಬೇಕು. ಚಳಿಯಲ್ಲಿ ಬೆಳೆದ ನೊಣ ಹೇಗೂ ದೊಡ್ಡದಾಗುತ್ತದೆ, ಅದಕ್ಕೆ ಮೈಗಿಂತ ರೆಕ್ಕೆ ಇನ್ನೂ ಹೆಚ್ಚು ಬೆಳೆದಿರುತ್ತದೆ. ಚಳಿಯಲ್ಲಿ ರೆಕ್ಕೆಯ ಬಡಿತ ನಿಧಾನವಾಗುವುದರಿಂದ ಹಾರಲು ಅದು ಅನುಕೂಲವೂ ಹೌದು. ಹಾಗಿದ್ದರೆ ಇದು ಹವೆಯ ಪ್ರಭಾವ, ವಿಕಾಸ ಎಲ್ಲಿ ಬಂತು? ತಕರಾರು ನ್ಯಾಯವಾದದ್ದು. ಆದ್ದರಿಂದಲೇ ಅವರು ಎಲ್ಲ ಊರಿನ ನೊಣಗಳನ್ನೂ ಪ್ರಯೋಗಶಾಲೆಗೆ ತಂದು, ಒಂದೇ ಶಾಖದಲ್ಲಿ, ಒಂದೇ ಊಟ ಹಾಕಿ, ಕೆಲವು ತಲೆಮಾರು ಸಾಕಿದರು. ಆಮೇಲೆ ರೆಕ್ಕೆ ಅಳೆದರು. ವ್ಯತ್ಯಾಸ ಉಳಿದೇ ಇತ್ತು. ಉಳಿದದ್ದು ವಂಶದಲ್ಲಿ ಬಂದದ್ದು. ಎರಡು ದಶಕದೊಳಗೆ, ಮನುಷ್ಯರ ಕಣ್ಣೆದುರು, ಒಂದು ಪ್ರಾಣಿಯ ಮೈಯ ಅಳತೆ ಖಂಡದುದ್ದಕ್ಕೂ ಹೊಸದಾಗಿ ಹೊಂದಿಕೊಂಡಿತ್ತು.

ನನಗೆ ತುಂಬ ಇಷ್ಟವಾದ ಸಂಗತಿ ಆ ಪ್ರಬಂಧದಲ್ಲಿ ಇನ್ನೊಂದಿದೆ. ಯುರೋಪಿನಲ್ಲಿ ರೆಕ್ಕೆ ಉದ್ದವಾದದ್ದು ಬುಡದ ಕಡೆಯ ಭಾಗ ಬೆಳೆದು. ಅಮೆರಿಕದಲ್ಲಿ ತುದಿಯ ಕಡೆಯ ಭಾಗ ಬೆಳೆದು. ಒಟ್ಟು ಉದ್ದ ಒಂದೇ, ಸೇರಿಸಿದ ಜಾಗ ಬೇರೆ. ಉದ್ದವಷ್ಟೇ ಅಳೆದವನಿಗೆ ಎರಡೂ ಖಂಡದ ಕಥೆ ಒಂದೇ ಎನಿಸುತ್ತದೆ. ಆಕಾರವನ್ನೂ ಅಳೆದವನಿಗೆ ಎರಡು ಕಥೆ ಕಾಣುತ್ತದೆ. ವಿಕಾಸಕ್ಕೆ ಮೊದಲೇ ಬರೆದಿಟ್ಟ ನಕ್ಷೆಯಿಲ್ಲ, ಕೈಗೆ ಸಿಕ್ಕ ಅನುವಂಶಿಕ ವ್ಯತ್ಯಾಸದಲ್ಲೇ ಅದು ಕೆಲಸ ಸಾಗಿಸುತ್ತದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ನನಗೆ ಗೊತ್ತಿಲ್ಲ. ಬಾಗಿದ ಮಂಗ ನೆಟ್ಟಗಾಗುವ ಚಿತ್ರ ಹೇಳುವುದು ಇದಕ್ಕೆ ತದ್ವಿರುದ್ಧ: ಎಲ್ಲ ಜೀವವೂ ಒಂದೇ ಮೆಟ್ಟಿಲು ಹತ್ತುತ್ತಿದೆ, ತುದಿಯಲ್ಲಿ ನಾವಿದ್ದೇವೆ ಎಂದು.

ಹಾಗೆಂದು ವಿಕಾಸ ಏನು ಬೇಕಾದರೂ ಮಾಡಬಲ್ಲದು ಎಂದು ಮಕ್ಕಳಿಗೆ ಹೇಳಿದರೆ ಅದೂ ಸುಳ್ಳು. ಅಮೆರಿಕದ ಫ್ಲಾರಿಡಾದಲ್ಲಿ ಡೇವಿಡ್ ಹೌಲ್ ಎಂಬ ವಿಜ್ಞಾನಿ ದಶಕಗಳಿಂದ ನೊಣದ ರೆಕ್ಕೆಯನ್ನೇ ಅಳೆಯುತ್ತಿದ್ದಾರೆ. ಡ್ರೊಸೊಫಿಲಾ ಕುಟುಂಬದ 111 ಜಾತಿಗಳಲ್ಲಿ ರೆಕ್ಕೆಯ ಗಾತ್ರಕ್ಕೂ ಅದರ ಆಕಾರದ ಒಂದು ಅಂಶಕ್ಕೂ ಇರುವ ನಂಟನ್ನು ಅವರ ತಂಡ ನೋಡಿತು. ಗಾತ್ರ ಇಷ್ಟು ಹೆಚ್ಚಿದರೆ ಆಕಾರ ಇಷ್ಟು ಬದಲಾಗಬೇಕು ಎಂಬ ಲೆಕ್ಕ ಕೋಟಿಗಟ್ಟಲೆ ವರ್ಷಗಳಲ್ಲಿ ಬಹುತೇಕ ಕದಲಿಲ್ಲ. ಕದಲಿಸಲು ಸಾಧ್ಯವೇ ಇಲ್ಲವೇ? ಪ್ರಯೋಗಶಾಲೆಯಲ್ಲಿ 26 ತಲೆಮಾರು ಆರಿಸಿ ಆರಿಸಿ ಸಾಕಿದಾಗ ಆ ನಂಟು ಬದಲಾಯಿತು. ಆದರೆ ಆರಿಸುವುದನ್ನು ನಿಲ್ಲಿಸಿ 15 ತಲೆಮಾರು ಅವುಗಳ ಪಾಡಿಗೆ ಬಿಟ್ಟರೆ ನಂಟು ಹಳೆಯ ಜಾಗಕ್ಕೇ ವಾಪಸ್ಸು. ರೆಕ್ಕೆಯನ್ನು ತಿದ್ದುವ ಜೀನ್‌ಗಳು ರೆಕ್ಕೆಗೆ ಮಾತ್ರ ಸೇರಿದವಲ್ಲ, ಮೈಯ ಬೇರೆ ಕೆಲಸಗಳಲ್ಲೂ ಅವುಗಳ ಕೈವಾಡವಿದೆ. ಇಲ್ಲಿ ಬದಲಾಯಿಸಿದರೆ ಅಲ್ಲಿ ನಷ್ಟ, ಆ ನಷ್ಟವೇ ಹಿಂದಕ್ಕೆ ಎಳೆಯಿತು ಎಂಬುದು ಅವರ ಊಹೆ. ಗಾತ್ರ ಇಪ್ಪತ್ತು ವರ್ಷದಲ್ಲಿ ಬದಲಾದೀತು, ಗಾತ್ರ-ಆಕಾರಗಳ ನಂಟು ಕೋಟ್ಯಂತರ ವರ್ಷ ಗಟ್ಟಿಯಾಗಿ ನಿಂತೀತು. ಇವೆರಡನ್ನೂ ಪಕ್ಕಪಕ್ಕ ಇಟ್ಟು ಹೇಳಿದರೆ ಮಾತ್ರ ವಿಕಾಸದ ಪಾಠ ಪೂರ್ತಿ.

‘ಏನೇ ಆದರೂ ನೊಣ ನೊಣವಾಗಿಯೇ ಉಳಿಯಿತಲ್ಲ?’ ಎಂಬ ಮಾತು ಬಂದೇ ಬರುತ್ತದೆ. ಅದಕ್ಕೆ ಉತ್ತರಿಸಲು ಬೆಂಗಳೂರು ದಾಟಿ ಹೋಗಬೇಕಿಲ್ಲ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಅಮಿತಾಭ್ ಜೋಶಿ ಮತ್ತು ಅವರ ವಿದ್ಯಾರ್ಥಿಗಳು, ಬೇಗ ಬೆಳೆದು ಬೇಗ ಮೊಟ್ಟೆಯಿಡುವ ನೊಣಗಳನ್ನೇ ಪ್ರತಿ ತಲೆಮಾರಿನಲ್ಲೂ ಆರಿಸಿ ನೂರಾರು ತಲೆಮಾರು ಸಾಕಿದರು. ತಿನ್ನುವ ದಿನ ಕಡಿಮೆಯಾದ್ದರಿಂದ ಆ ನೊಣಗಳ ಮೈ ತೀರ ಚಿಕ್ಕದಾಯಿತು. ಅವರು ಆರಿಸಿದ್ದು ವೇಗವನ್ನು, ಜೊತೆಗೆ ಬಂದದ್ದು ಗಾತ್ರ. ಅಲ್ಲಿಗೇ ನಿಲ್ಲಲಿಲ್ಲ, ಈ ಕುಳ್ಳ ನೊಣಗಳಿಗೂ ಅವುಗಳ ಮೂಲ ಬಳಗದ ದೊಡ್ಡ ನೊಣಗಳಿಗೂ ಕೂಡಿಕೆಯಲ್ಲಿ ಅಡ್ಡಿ ಹುಟ್ಟಿಕೊಂಡಿತೆಂದು 2012ರಲ್ಲಿ ಪ್ರಕಟಿಸಿದರು. ಒಂದು ಜಾತಿ ಎರಡಾಗುವ ದಾರಿಯ ಮೊದಲ ಹೆಜ್ಜೆ ಅದು, ಬಾಟಲಿಯೊಳಗೆ. ಇನ್ನೂ ದೊಡ್ಡ ಬದಲಾವಣೆ ಬೇಕೆಂದರೆ ದಕ್ಷಿಣ ಹಿಂದೂ ಮಹಾಸಾಗರದ ಕೆರ್ಗೆಲೆನ್ ದ್ವೀಪಕ್ಕೆ ಹೋಗಬೇಕು. ಬಿರುಗಾಳಿಯ ಆ ದ್ವೀಪದಲ್ಲಿ ಒಂದು ಬಗೆಯ ಕೋಸಿನ ಗಿಡದ ಮೇಲೆ ನಡೆದಾಡುವ ನೊಣಕ್ಕೆ ಹಾರುವ ರೆಕ್ಕೆಯೇ ಇಲ್ಲ.

ಇಷ್ಟೆಲ್ಲ ಇರುವ ಪಾಠವನ್ನು ಹತ್ತನೇ ತರಗತಿಯಿಂದ ತೆಗೆದಾಗ ಕೊಟ್ಟ ಸಮಜಾಯಿಷಿ, ಹನ್ನೆರಡನೇ ತರಗತಿಯಲ್ಲಿ ಹೇಗೂ ವಿಕಾಸ ಬರುತ್ತದೆ ಎಂಬುದು. ಬರುತ್ತದೆ, ಜೀವಶಾಸ್ತ್ರ ಆರಿಸಿಕೊಂಡವರಿಗೆ. ವಾಣಿಜ್ಯ, ಕಲೆ, ಐಟಿಐ, ಡಿಪ್ಲೊಮಾ ಹಿಡಿದವರಿಗೆ ಹತ್ತನೇ ತರಗತಿಯೇ ಜೀವವಿಜ್ಞಾನದ ಕೊನೆಯ ಬಾಗಿಲು. ಬೆಳೆಗೆ ಹೊಡೆದ ಔಷಧ ಕೆಲವು ವರ್ಷಗಳಲ್ಲಿ ಕೀಟಕ್ಕೆ ನಾಟದೆ ಹೋಗುವುದೇಕೆ, ವೈದ್ಯರು ಬರೆದ ಆ್ಯಂಟಿಬಯಾಟಿಕ್‌ ಅನ್ನು ಅರ್ಧಕ್ಕೆ ನಿಲ್ಲಿಸಬಾರದೇಕೆ ಎಂದು ತಿಳಿಯಬೇಕಾದವರು ಜೀವಶಾಸ್ತ್ರ ಓದಿದವರು ಮಾತ್ರವೇ? ರೈತನಿಗೂ ರೋಗಿಗೂ ಬೇಕಾದ ವಿದ್ಯೆಯನ್ನು ಐಚ್ಛಿಕ ಮಾಡಿಟ್ಟಿದ್ದೇವೆ.

ಪಾಠವನ್ನು ಮರಳಿ ತಂದರಷ್ಟೇ ಸಾಲದು. ಜಿರಾಫೆಯ ಜೊತೆ ಮರಳಿ ಬಂದರೆ ಮತ್ತೆ ಅದೇ ಬಾಯಿಪಾಠ. ಅದರೊಂದಿಗೆ ಒಂದು ಪ್ರಯೋಗ ಬರಲಿ. ಒಂದೇ ತಾಯಿ-ತಂದೆ ನೊಣಗಳ ಮೊಟ್ಟೆಗಳನ್ನು ಮಕ್ಕಳು ಎರಡು ಬಾಟಲಿಗೆ ಹಾಕಲಿ, ಒಂದರಲ್ಲಿ ಕೆಲವೇ, ಇನ್ನೊಂದರಲ್ಲಿ ಕಿಕ್ಕಿರಿದು ತುಂಬುವಷ್ಟು. ಎರಡು ವಾರದ ಮೇಲೆ ಹೊರಬಂದ ನೊಣಗಳನ್ನು ಫ್ರಿಜ್‌ನ ಮೇಲಂತಸ್ತಿನಲ್ಲಿಟ್ಟು ಕೊಂದು, ಚಿಮಟದಲ್ಲಿ ರೆಕ್ಕೆ ಬಿಡಿಸಿ ಗಾಜಿನ ಪಟ್ಟಿಗೆ ಹಚ್ಚಲಿ, ಸೂಕ್ಷ್ಮದರ್ಶಕಕ್ಕೆ ಮೊಬೈಲ್ ಒಡ್ಡಿ ಫೋಟೊ ತೆಗೆಯಲಿ, ಉದ್ದ ಅಗಲ ಅಳೆದು ಗ್ರಾಫ್ ಹಾಳೆಯಲ್ಲಿ ಗುರುತಿಸಲಿ. ರೆಕ್ಕೆಯ ಒಂದೊಂದು ಜೀವಕೋಶಕ್ಕೂ ಒಂದೊಂದೇ ಕೂದಲು ಇರುತ್ತದೆ. ಆದ್ದರಿಂದ ಒಂದು ಚೌಕದೊಳಗಿನ ಕೂದಲು ಎಣಿಸಿದರೆ ಜೀವಕೋಶವನ್ನೇ ಎಣಿಸಿದ ಹಾಗೆ. ಆಸ್ಟ್ರೇಲಿಯಾದ ಉತ್ತರದ ಬಿಸಿಲಿನಿಂದ ದಕ್ಷಿಣದ ಚಳಿಯ ಕಡೆಗೆ ಹೋದಂತೆ ನೊಣದ ರೆಕ್ಕೆ ದೊಡ್ಡದಾಗುವುದು ಮುಖ್ಯವಾಗಿ ಜೀವಕೋಶದ ಸಂಖ್ಯೆ ಹೆಚ್ಚಿ ಎಂದು ಸಂಶೋಧಕರು ಕಂಡುಕೊಂಡದ್ದು ಈ ಉಪಾಯದಿಂದಲೇ. ಕಪ್ಪೆ ಕೊಯ್ಯುವುದು ನಿಂತುಹೋದ ಮೇಲೆ ಪ್ರಾಣಿಶಾಸ್ತ್ರದ ಪ್ರಾಯೋಗಿಕ ತರಗತಿ ಚಾರ್ಟು ನೋಡುವುದಕ್ಕೆ ಇಳಿದಿದೆ. ಆ ಖಾಲಿ ಜಾಗಕ್ಕೆ ಇದು ಬರಲಿ. ಒಂದು ತಾಲ್ಲೂಕಿಗೆ ಒಂದು ಕಾಲೇಜು ನೊಣದ ಬಾಟಲಿ ಕಾಪಾಡಿಕೊಂಡರೆ ಸುತ್ತಲಿನ ಪ್ರೌಢಶಾಲೆಗಳಿಗೆಲ್ಲ ಹಂಚಬಹುದು. ರವೆ, ಬೆಲ್ಲಕ್ಕೆ ಸರ್ಕಾರದ ಬೊಕ್ಕಸ ಬರಿದಾಗುವುದಿಲ್ಲ.

ಮಕ್ಕಳು ಅಳೆದದ್ದು ವಿಕಾಸವನ್ನಲ್ಲ, ಊಟದ ಪರಿಣಾಮವನ್ನು. ಒಂದೇ ಪೀಳಿಗೆಯಲ್ಲಿ ಕಾಣುವ ಬದಲಾವಣೆಯೆಲ್ಲ ವಿಕಾಸವಾಗದು ಎಂದು ಆಗ ಮೇಷ್ಟರು ಹೇಳಬೇಕು. ಹಾಗಾದರೆ ವಿಕಾಸ ಎನ್ನಲು ಇನ್ನೇನು ಸಾಬೀತಾಗಬೇಕು? ಅಮೆರಿಕಕ್ಕೆ ಬಂದ ನೊಣಗಳ ಕಥೆಯನ್ನು ಅಲ್ಲಿ ಹೇಳಬೇಕು. ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಬರಲಿ: ಎರಡು ಊರಿನ ನೊಣಗಳ ರೆಕ್ಕೆ ಬೇರೆ ಬೇರೆ ಉದ್ದ ಇದೆ, ಇದು ವಿಕಾಸವೇ ಎಂದು ತಿಳಿಯಲು ನೀವು ಏನು ಮಾಡುತ್ತೀರಿ? ಡಾರ್ವಿನ್ ಯಾವ ವರ್ಷ ಹುಟ್ಟಿದ ಎಂಬ ಪ್ರಶ್ನೆಗೆ ಕೊಡುವ ಅಂಕವನ್ನು ಇದಕ್ಕೆ ಕೊಡಿ. ಉತ್ತರ ಬರೆಯಬಲ್ಲ ಹುಡುಗಿ ಮುಂದೆ ಡಾರ್ವಿನ್ನನನ್ನು ಒಪ್ಪಲಿ, ಬಿಡಲಿ. ಯಾವುದನ್ನು ಒಪ್ಪಬೇಕಾದರೂ ಏನನ್ನು ಅಳೆದು ನೋಡಬೇಕು ಎಂಬುದಂತೂ ಅವಳಿಗೆ ತಿಳಿದಿರುತ್ತದೆ.